ಪೈನ್ ಮರದ ಬುಡ ಯಾಕೆ ಬೋಳು?

ಪ್ರಶ್ನೆ: ಮೇಡಂ, ಕಳೆದ ಮೇ ತಿಂಗಳಲ್ಲಿ ಉತ್ತರಾಖಂಡದ ಅಲ್ಮೋರಾದಿಂದ ಬಿನ್ಸರ್ ಗುಡ್ಡಕ್ಕೆ ಹೋಗಿದ್ದೆವು. ಕೆಳಗೆ ಪೈನ್ ಕಾಡು. ನಮ್ಮ ಕಡಲತೀರದ ಗಾಳಿಮರದ ತೋಪಿನ ಹಾಗೆ ನೆಲವೆಲ್ಲ ಬೋಳು. ಮೇಲೆ ಓಕ್ ಕಾಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿಡ. ಒಂದೇ ಗುಡ್ಡದಲ್ಲಿ ಹೀಗೇಕೆ? ಮರದ ತೂಕ ಲೆಕ್ಕ ಹಾಕಿದರೆ ಎತ್ತರದ ಮರಗಳಿರುವ ಪೈನ್ ಕಾಡೇ ಜಾಸ್ತಿ ಅಲ್ವಾ?
– ಓದುಗರೊಬ್ಬರು, ಪೆರ್ಲ

ಉತ್ತರ: ಆ ದಾರಿಯಲ್ಲಿ ನಾನೂ ನಡೆದಿದ್ದೇನೆ. ಗಾಳಿಮರ ಪೈನ್ ಜಾತಿಯದಲ್ಲ, ಆದರೂ ನಿಮ್ಮ ಹೋಲಿಕೆ ಸರಿಯಾಗಿದೆ. ಅಲ್ಲಿನವರಿಗೆ ಪೈನ್ ಅಂದರೆ ಚೀಡ್, ಓಕ್ ಅಂದರೆ ಬಾಂಜ್. ಚೀಡ್‌ನ ಸೂಜಿ ಎಲೆ ಗೇಣುದ್ದ, ಮೂರು ಮೂರು ಒಟ್ಟಿಗೆ. ಬೇಸಿಗೆಯಲ್ಲಿ ಉದುರಿ ಚಾಪೆಯಂತೆ ಹಾಸಿಕೊಳ್ಳುತ್ತದೆ, ಕಾಲಿಟ್ಟರೆ ಜಾರುತ್ತದೆ. ಬೇಗ ಕೊಳೆಯುವುದಿಲ್ಲ. ರಾಳದ ಅಂಶ ಬೇರೆ, ಒಂದು ಕಿಡಿ ಸಾಕು. ದಪ್ಪ ತೊಗಟೆಯ ಚೀಡ್ ಬದುಕುತ್ತದೆ, ಬುಡದ ಎಳೆ ಸಸಿಗಳು ಸುಟ್ಟುಹೋಗುತ್ತವೆ. ಮಳೆಗಾಲದಲ್ಲಿ ಹೋಗಿದ್ದರೆ ಹುಲ್ಲಾದರೂ ಕಾಣುತ್ತಿತ್ತು.

ಬಾಂಜ್ ಕಾಡಿನಲ್ಲಿ ನಾನು ತರಗೆಲೆಯೊಳಗೆ ಕೈ ಹಾಕಿದೆ. ಮೇಲೆ ಒಣಗಿದ ಎಲೆ, ಅಡಿಭಾಗ ಬೆಳ್ಳಗೆ. ನಾಲ್ಕು ಬೆರಳು ಕೆಳಗೆ ಕಪ್ಪು ಮಣ್ಣು, ಹಿಂಡಿದರೆ ಅಂಗೈ ಒದ್ದೆ. ಅದೂ ಮೇ ತಿಂಗಳಲ್ಲಿ! ಜರಿಗಿಡ, ಪಾಚಿ, ಪೊದೆ ಎಲ್ಲಕ್ಕೂ ಆ ತೇವವೇ ಆಧಾರ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಬತ್ತಬಾರದು ಅಂದರೆ ಮೇಲಿನ ಗುಡ್ಡದಲ್ಲಿ ಕಾಡಿರಬೇಕು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಒರತೆಗೆ ಕಲ್ಲು ಕಟ್ಟಿದ ನೌಲಾದ ಬಗ್ಗೆ ಅಲ್ಲಿನವರೂ ಅದನ್ನೇ ಹೇಳುತ್ತಾರೆ.

ಇನ್ನು ತೂಕ. ಅದಕ್ಕೆ ಮರ ಕಡಿಯಬೇಕಿಲ್ಲ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದು, ಆ ಜಾತಿಯ ಮರ ಎಷ್ಟು ಗಟ್ಟಿ ಅಂತ ನೋಡಿ ಲೆಕ್ಕ ಹಾಕುತ್ತಾರೆ. ಬಾಂಜ್ ಗಿಡ್ಡ, ಆದರೆ ಅದರ ಕಟ್ಟಿಗೆ ಭಾರ. ಅಷ್ಟೇ ಗಾತ್ರದ ಚೀಡ್ ತುಂಡು ಹಗುರ. ಕೊಡಲಿ ತಾಗದ ಹಳೆಯ ಬಾಂಜ್ ಕಾಡು ತೂಕದಲ್ಲಿ ಚೀಡ್ ಕಾಡಿಗೆ ಸೋಲುವುದಿಲ್ಲ.

ಬಾಂಜ್ ಕಾಡಿನ ಬೆಲೆ ಅಲ್ಲಿನ ಊರವರಿಗೆ ಮೊದಲೇ ಗೊತ್ತಿತ್ತು. 1921ರಲ್ಲಿ ಬ್ರಿಟಿಷರ ಅರಣ್ಯ ನಿಯಮಗಳಿಗೆ ಸಿಟ್ಟಾದ ಕುಮಾವೂನಿನ (ಅಲ್ಮೋರಾ ಇರುವ ಸೀಮೆ) ಜನ ಬೆಂಕಿ ಇಟ್ಟದ್ದು ರಾಳ ತೆಗೆಯುವ ಚೀಡ್ ಕಾಡಿಗೆ. ಸೊಪ್ಪು, ಸೌದೆ, ನೀರು ಕೊಡುವ ಬಾಂಜ್ ಕಾಡನ್ನು ಹೆಚ್ಚಾಗಿ ಮುಟ್ಟಲಿಲ್ಲ.

ನನಗೆ ಸಂಕಟವಾಗುವುದು ಈಗಿನ ಸ್ಥಿತಿ ಕಂಡು. ದನಗಳಿಗೆ ಅಂತ ಬಾಂಜ್ ಕೊಂಬೆಗಳನ್ನು ಮಿತಿಮೀರಿ ಸವರುತ್ತಾರೆ. ಬಿಸಿಲು ನೆಲಕ್ಕೆ ಬೀಳುತ್ತದೆ, ತೇವ ಆರುತ್ತದೆ, ಬೆಂಕಿ ಒಳಗೆ ಬರುತ್ತದೆ. ಅದರ ಹಿಂದೆಯೇ ಚೀಡ್‌ನ ಬೀಜವೂ ಗಾಳಿಯಲ್ಲಿ ಮೇಲಕ್ಕೆ ಹಾರಿ ಬರುತ್ತದೆ.