ಬಣ್ಣದ ಡಬ್ಬಿ ಆಮೇಲೆ, ಮೊದಲು ಗೋಡೆ ಮುಟ್ಟಿ ನೋಡಿ

ಕಡಿಮೆ ಖರ್ಚಿನಲ್ಲಿ ಮನೆ ಚೆಂದ ಮಾಡುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು "ಮಾಡಿ ನೋಡಿದೆವು, ಕೆಟ್ಟಿತು, ಈಗೇನು ಮಾಡೋದು" ಅನ್ನುವಂಥವೇ. ನನ್ನ ಕೈಯಿಂದಲೂ ಇಂಥವು ಬೇಕಾದಷ್ಟು ಕೆಟ್ಟಿವೆ, ಹಾಗಾಗಿ ಸಂಕೋಚ ಬೇಡ. ಈ ಸಲ ಐದು ಪತ್ರ ಆರಿಸಿದ್ದೇನೆ.

ವಿಜಯಪುರದಿಂದ: ನಮ್ಮದು ಅಜ್ಜನ ಕಾಲದ ಕಲ್ಲಿನ ಮನೆ. ಹೋದ ಯುಗಾದಿಗೆ ಪಡಸಾಲೆಗೆ ನಾವೇ ರೋಲರ್ ಹಿಡಿದು ಎಮಲ್ಷನ್ ಹೊಡೆದೆವು. ದಸರೆ ಹೊತ್ತಿಗೆ ನೆಲದಿಂದ ಮೂರು ಅಡಿವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಿತ್ತು, ಹಿಂದೆ ಬಿಳಿ ಪುಡಿ. ಅದರ ಮೇಲೆ ಪಿವಿಸಿ ಶೀಟ್ ಅಂಟಿಸಿ ಮುಚ್ಚಿಬಿಡೋಣ ಅಂತಾರೆ ನಮ್ಮ ಮನೆಯವರು. ಹಿತ್ತಲಿನ ಹೊಸ ಕೋಣೆಯಲ್ಲಿ ಕಿಟಕಿ ಮೂಲೆಯಿಂದ ಬಿರುಕು ಬಿಟ್ಟಿದೆ. ಎರಡು ಸಲ ಪುಟ್ಟಿ ತುಂಬಿದರೂ ಮತ್ತೆ ಬಿಡುತ್ತಿದೆ. ಏನು ಮಾಡಬೇಕು ಅಕ್ಕಾವ್ರೇ?

ಶೀಟ್ ತರಲು ಹೊರಟಿದ್ದರೆ ನಿಮ್ಮವರನ್ನು ಬಾಗಿಲಲ್ಲೇ ನಿಲ್ಲಿಸಿ.

ಹಳೇ ಕಲ್ಲಿನ ಗೋಡೆಗೆ ತಳದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರಿನ ಜೊತೆ ಮಣ್ಣಿನ ಉಪ್ಪೂ ಬರುತ್ತದೆ. ನೀರು ಆರಿದ ಮೇಲೆ ಉಪ್ಪು ಅಲ್ಲೇ ಉಳಿದು, ಹರಳುಗಟ್ಟಿ, ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ನೀವು ಕಂಡ ಬಿಳಿ ಪುಡಿ ಅದೇ. ಅಜ್ಜನ ಕಾಲದಲ್ಲಿ ಇದೇ ಗೋಡೆಗೆ ಸುಣ್ಣ ಇತ್ತು, ತೇವ ಅದರ ಮೂಲಕ ಆರಿ ಹೋಗುತ್ತಿತ್ತು. ನೀವು ಹೊಡೆದ ಎಮಲ್ಷನ್ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇದ್ದಂತೆ. ಇನ್ನು ಪಿವಿಸಿ ಶೀಟ್ ಅಂಟಿಸಿದರೆ ತೇವಕ್ಕೆ ಈಚೆ ಬರಲು ದಾರಿಯೇ ಇರದೆ ಹಿಂದಿನಿಂದಲೇ ಇನ್ನೂ ಮೇಲಕ್ಕೆ ಹತ್ತುತ್ತದೆ. ಮೂರು ಅಡಿ ಇದ್ದದ್ದು ಐದು ಅಡಿ ಆದೀತು. ಶೀಟಿನ ಹಿಂದೆ ಜಿರಲೆ ಸಂಸಾರ ಹೂಡುತ್ತವೆ, ಅದು ಬೇರೆ.

ಮೊದಲು ಹೊರಗೆ ಹೋಗಿ ಅದೇ ಗೋಡೆಯ ಬುಡ ನೋಡಿ. ರಸ್ತೆ ಮೇಲೆ ರಸ್ತೆ ಹಾಕಿ ಬೀದಿ ನಿಮ್ಮ ಮನೆಯ ನೆಲಕ್ಕಿಂತ ಎತ್ತರ ಆಗಿದೆಯಾ? ಬಚ್ಚಲ ನೀರು ಗೋಡೆ ಪಕ್ಕದಲ್ಲೇ ಹರಿಯುತ್ತದಾ? ಅದನ್ನು ಸರಿ ಮಾಡದೆ ಒಳಗೆ ಏನು ಬಳಿದರೂ ದುಡ್ಡು ದಂಡ. ಆಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಅರ್ಧ ಕೆಲಸ ಮುಗಿಯಿತು.

ನಿಮ್ಮದು ಗೋಡೆಯದೇ ಅಂತ ನನ್ನ ಅಂದಾಜು. ಹಾಗಿದ್ದರೆ ಎದ್ದ ಬಣ್ಣದ ಜೊತೆಗೆ ಅದರ ಮೇಲಿನ ಇನ್ನೊಂದು ಅಡಿಯನ್ನೂ ಕೆರೆದು ತೆಗೆಯಿರಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ಉದುರಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೆ ಹೋಗುತ್ತದೆ. ಬೇಸಿಗೆ ಪೂರ್ತಿ ಹಾಗೇ ಬಿಡಿ. ನೋಡಲು ಚೆಂದ ಇರಲ್ಲ, ಗೊತ್ತು. ನೆಂಟರು ಬಂದಾಗ ಮುಂದೆ ಒಂದು ಬೆಂಚು ಎಳೆದಿಡಿ.

ಆಮೇಲೆ ಸುಣ್ಣ. ಸುಣ್ಣದ ಹರಳನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬರದಿರಲಿ, ತೆಳು ಪ್ಲಾಸ್ಟಿಕ್ ಬಕೆಟ್ ಬೇಡ. ಒಂದೆರಡು ದಿನ ನೆನೆಯಲು ಬಿಟ್ಟು, ಹಳೇ ಧೋತರದಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ. ಹಾಲಿನಷ್ಟು ತೆಳ್ಳಗಿರಲಿ. ಗೋಡೆಗೆ ನೀರು ಚಿಮುಕಿಸಿಕೊಂಡು ಬಳಿಯಿರಿ. ಹಸಿ ಇದ್ದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದವರು ಗಾಬರಿಯಾಗಿ ದಪ್ಪ ಬಳಿಯುತ್ತಾರೆ, ಅದು ಚಕ್ಕೆ ಎದ್ದು ಬೀಳುತ್ತದೆ. ತೆಳ್ಳಗೆ ಮೂರು ಸಲ ಬಳಿದರೆ ಸಾಕು. ಬಣ್ಣ ಬೇಕಿದ್ದರೆ ಕಾವಿ ಅಥವಾ ಹಳದಿ ಮಣ್ಣು ಬೆರೆಸಬಹುದು. ನಿಮ್ಮೂರಿನ ಗೋಳಗುಮ್ಮಟ 1656ರಿಂದ ನಿಂತಿರುವುದೂ ಸುಣ್ಣದ ಗಾರೆಯ ಮೇಲೇ.

ಸುಣ್ಣಕ್ಕೂ ಕೊರತೆ ಇದೆ. ಒರಗಿದರೆ ಬೆನ್ನೆಲ್ಲ ಬಿಳಿ. ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಎಮಲ್ಷನ್ ಇದ್ದ ಜಾಗದಲ್ಲಿ ಹಿಡಿಯುವುದಿಲ್ಲ, ಅದಕ್ಕೇ ಪೂರ್ತಿ ಕೆರೆಯಿರಿ ಎಂದದ್ದು. ಕೆಳಗಿನ ನಾಲ್ಕು ಅಡಿ ಕಾವಿ ಸುಣ್ಣ, ಮೇಲೆ ಈಗಿರುವ ಎಮಲ್ಷನ್, ನಡುವೆ ಒಂದು ಗೆರೆ. ಹಳೇ ಶಾಲೆಗಳ ಗೋಡೆ ನೆನಪಿದೆಯಲ್ವಾ? ಹಾಗೆ ಮಾಡಿದರೆ ಬೇಕಂತಲೇ ಮಾಡಿಸಿದ ಹಾಗೆ ಕಾಣುತ್ತದೆ.

ಇನ್ನು ಬಿರುಕು. ನಿಮ್ಮ ಹಿತ್ತಲಿನದು ಎರೆ ಮಣ್ಣಾಗಿದ್ದರೆ ತಪ್ಪು ಪುಟ್ಟಿಯದಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲ ಬಾಯಿ ಬಿಟ್ಟಿರುವುದನ್ನು ನೋಡಿದ್ದೀರಿ. ಆಳ ಸಾಲದ ಬುನಾದಿಯೂ ಅದರ ಜೊತೆ ಏರಿ ಇಳಿಯುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಕೂದಲೆಳೆಯಷ್ಟೇ ಇದ್ದು ತೆರೆದು ಮುಚ್ಚುತ್ತಿದ್ದರೆ ಪುಟ್ಟಿ ಬಿಡಿ. ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಮೇಲೆ ಜಾಳಿಗೆ ಟೇಪ್ ಹಾಕಿ ಬಣ್ಣ ಹೊಡೆಯಿರಿ. ಬೆರಳ ತುದಿ ಹೋಗುವಷ್ಟು ಅಗಲ ಇದ್ದರೆ, ವರ್ಷ ವರ್ಷ ಬೆಳೆಯುತ್ತಿದ್ದರೆ, ಅದು ಅಲಂಕಾರದ ಮಾತಲ್ಲ. ಎಂಜಿನಿಯರ್‌ಗೆ ತೋರಿಸಿ. ಆ ಗೋಡೆಯ ಬುಡದಲ್ಲಿ ಗಿಡ ಇಟ್ಟು ದಿನಾ ನೀರು ಹಾಕುತ್ತಿದ್ದೀರಾ? ಕುಂಡ ಸರಿಸಿ.

ಹುನಗುಂದದಿಂದ: ಅತ್ತೆಯವರು ಬಿಟ್ಟುಹೋದ ಮೂರು ಇಳಕಲ್ ಸೀರೆ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿವೆ. ಕಿಟಕಿ ಪರದೆ, ಕುಶನ್ ಕವರ್ ಹೊಲಿಸೋಣ ಅಂತ ನನ್ನ ಆಸೆ. ನಾದಿನಿ "ಸೀರೆಗೆ ಕತ್ತರಿ ಹಾಕ್ತೀಯಾ" ಅಂತ ಮಾತು ಬಿಟ್ಟಿದ್ದಾಳೆ.

ಇದರಲ್ಲಿ ಅರ್ಧ ನಾನು ನಿಮ್ಮ ನಾದಿನಿ ಕಡೆ. ಉಡಲು ಬರುವ ಸೀರೆಗೆ ಕತ್ತರಿ ಬೇಡ. ಉಡಲು ಬರುತ್ತದಾ ಇಲ್ಲವಾ ಅಂತ ತಿಳಿಯೋದು ಸುಲಭ. ಸೀರೆ ಬಿಚ್ಚಿ, ಮಡಿಕೆ ಗೆರೆಯ ಮೇಲೆ ಎರಡೂ ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೆಯಿರಿ. ಹತ್ತಿಪ್ಪತ್ತು ವರ್ಷ ಒಂದೇ ಮಡಿಕೆಯಲ್ಲಿ ಇದ್ದ ರೇಷ್ಮೆ ಅಲ್ಲೇ ಸೀಳುತ್ತದೆ. ಸೀಳದಿದ್ದರೆ ಮಡಿಕೆ ಬದಲಿಸಿ ಇಟ್ಟುಬಿಡಿ, ಅಥವಾ ನಾದಿನಿಗೇ ಕೊಡಿ, ಮನೆ ಶಾಂತಿಯೂ ಉಳಿಯುತ್ತದೆ.

ಸೀಳಿದ ಸೀರೆ ಪರದೆಗೂ ಬರುವುದಿಲ್ಲ. ನಿಮ್ಮ ಕಡೆಯ ಬಿಸಿಲಿಗೆ ರೇಷ್ಮೆ ಬಣ್ಣ ಕಳೆದುಕೊಂಡು ಪುಡಿಯಾಗುತ್ತದೆ. ನೂಲಿನ ಒಡಲು ಗಟ್ಟಿ ಇದ್ದು ಸೆರಗು ಮಾತ್ರ ಹೋಗಿದ್ದರೆ ಮಾತು ಬೇರೆ. ಒಡಲನ್ನು ಪರದೆ ಮಾಡಿ, ಹಿಂದೆ ಬಿಳಿ ನೂಲಿನ ಅಸ್ತರು ಕಡ್ಡಾಯ. ಅಸ್ತರು ಬೇಡ, ಖರ್ಚು ಉಳಿಸೋಣ ಅಂದವರ ಪರದೆ ಎರಡೇ ಬೇಸಿಗೆಗೆ ಪಟ್ಟೆ ಪಟ್ಟೆಯಾಗಿ ಬೆಳ್ಳಗಾದದ್ದನ್ನು ನೋಡಿದ್ದೇನೆ. ಒಂಬತ್ತು ಗಜದ ಸೀರೆ ಸುಮಾರು 8.2 ಮೀಟರ್. ಏಳಡಿ ಪರದೆಗೆ ಮೇಲೆ ಕೆಳಗೆ ಮಡಿಚುವುದೂ ಸೇರಿ 2.4 ಮೀಟರ್ ಹಿಡಿದರೆ ಮೂರು ಭಾಗ ಬರುತ್ತದೆ. ಸೆರಗಿನ ಭಾಗ ತೆಗೆದಿಟ್ಟರೆ ಎರಡೇ ಅಂತ ಲೆಕ್ಕ ಇಟ್ಟುಕೊಳ್ಳಿ.

ಕತ್ತರಿಸುವಾಗ ಒಂದು ಎಚ್ಚರ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಯನ್ನು ಸೆರಗಿನ ಎಳೆಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೊಂಡಿಯ ಮೇಲೆ ಕತ್ತರಿ ಆಡಿಸಬೇಡಿ. ನಾಲ್ಕು ಬೆರಳು ಈಚೆ ಬಿಟ್ಟು ಕತ್ತರಿಸಿ. ಸೆರಗಿನ ತೋಪು ತೆನೆ ವಿನ್ಯಾಸ ಚೆನ್ನಾಗಿ ಉಳಿದಿದ್ದರೆ ಅದಕ್ಕೆ ಹಿಂದೆ ಬಟ್ಟೆ ಕೊಟ್ಟು ಬಿಸಿಲು ಬೀಳದ ಗೋಡೆಗೆ ಚೌಕಟ್ಟು ಹಾಕಿಸಿ. ಕುಶನ್‌ಗೆ ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಹೊಸದಾಗಿ ತಂದರೇ ಒಳ್ಳೇದು. ಬಾಳಿಕೆ ಬರುತ್ತದೆ, ಯಾರ ನೆನಪಿಗೂ ಕತ್ತರಿ ಹಾಕಿದ ಹಾಗಾಗಲ್ಲ. ಹೊಲಿಯುವ ಮೊದಲು ತಣ್ಣೀರಲ್ಲಿ ಬೇರೆಯಾಗಿ ಒಮ್ಮೆ ತೊಳೆಯಿರಿ. ಕೆಂಪು ಬಣ್ಣ ಬಿಟ್ಟರೆ ಸೋಫಾದ ಗತಿ ಮುಗಿಯಿತು.

ಚಿಂದಿ ಉಳಿದರೆ ಕೌದಿಗೆ. ನಾನು ಹೇಳಬೇಕಾಗಿಲ್ಲ, ನಿಮ್ಮೂರಲ್ಲಿ ಅದಕ್ಕೆ ಕೈ ಬಹಳ.

ಬೆಳಗಾವಿ ಟಿಳಕವಾಡಿಯಿಂದ: ನಮ್ಮದು ಬಾಡಿಗೆ ಮನೆ. ಮೊಳೆ ಹೊಡೆಯಂಗಿಲ್ಲ, ಬಣ್ಣ ಬದಲಿಸಂಗಿಲ್ಲ ಅಂತ ಮಾಲೀಕರು. ಅಂಟಿಸಿ ಕೀಳುವ ವಾಲ್‌ಪೇಪರ್ ಹಾಕಬಹುದಾ?

ಅಂಟಿಸಬಹುದು. ಕೀಳುವಾಗ ತಾಪತ್ರಯ. ಗೋಡೆಗೆ ಅಂಗೈ ಉಜ್ಜಿ ನೋಡಿ. ಪುಡಿ ಹತ್ತಿದರೆ ಅದು ಡಿಸ್ಟೆಂಪರ್ ಅನ್ನುವ ಅಗ್ಗದ ಬಣ್ಣ. ಕಾಗದ ಕಿತ್ತಾಗ ಬಣ್ಣವೂ ಜೊತೆಗೇ ಬರುತ್ತದೆ, ಡೆಪಾಸಿಟ್‌ನಲ್ಲಿ ಅದರ ಲೆಕ್ಕವೂ ಬರುತ್ತದೆ. ಪುಡಿ ಹತ್ತದಿದ್ದರೂ ಬೀರುವಿನ ಹಿಂದೆ ಒಂದು ಚೂರು ಟೇಪ್ ಒತ್ತಿ, ವಾರ ಬಿಟ್ಟು ಕಿತ್ತು ನೋಡಿ.

ಮಳೆಗಾಲದಲ್ಲಂತೂ ಬೇಡವೇ ಬೇಡ. ಬೆಳಗಾವಿಯ ಜುಲೈ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನ ಆರುವುದಿಲ್ಲ. ಅಂಥದರಲ್ಲಿ ನಾನು ಒಮ್ಮೆ ನಮ್ಮದೇ ಮಲಗುವ ಕೋಣೆಯ ಉತ್ತರದ ಗೋಡೆಗೆ ಹೂಬಳ್ಳಿಯ ಕಾಗದ ಅಂಟಿಸಿದೆ. ಗಣಪತಿ ಹಬ್ಬಕ್ಕೆ ಬಂದ ಚಿಕ್ಕಮ್ಮ ಒಳಗೆ ಕಾಲಿಟ್ಟವರೇ "ಏನೋ ಮುಗ್ಗಲು ವಾಸನೆ" ಅಂದರು. ಮೂಲೆ ಎತ್ತಿ ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ತಜ್ಞೆ ಅಂತ ಬೋರ್ಡ್ ಹಾಕಿಕೊಂಡು ಐದು ವರ್ಷ ಆಗಿತ್ತು ಆಗ.

ಗೋಡೆ ಬಿಟ್ಟು ಉಳಿದದ್ದರ ಮೇಲೆ ಕೈ ಆಡಿಸಿ. ಕಿಟಕಿ ಚೌಕಟ್ಟಿನ ಒಳಗೆ ಒತ್ತಿ ಕೂರುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಪರದೆಗೆ ಮೊಳೆ ಬೇಡ. ಟ್ಯೂಬ್‌ಲೈಟಿನ ಬಿಳಿ ಬೆಳಕು ಬಿಟ್ಟು ಮೂಲೆಗೊಂದು ಹಳದಿ ಬಲ್ಬಿನ ದೀಪ ಇಡಿ. ನಾಲ್ಕು ಗೋಡೆಯ ಬಣ್ಣ ಬದಲಿಸಿದಷ್ಟು ವ್ಯತ್ಯಾಸ ಅದೊಂದರಲ್ಲೇ ಇದೆ. ಖಾನಾಪುರ ಕಡೆಯ ಮಣ್ಣಿನ ಕುಂಡ, ಗೋಕಾಕದ ಗೊಂಬೆ ಎರಡು. ಮನೆ ಬಿಡುವಾಗ ಜೊತೆಗೇ ಬರುತ್ತವೆ.

ಬೆಳಗಾವಿಯಿಂದಲೇ ಇನ್ನೊಂದು ಪತ್ರ: ಉದ್ಯಮಬಾಗದ ಕಾರ್ಖಾನೆಯಲ್ಲಿ ಸರಕು ಇಟ್ಟು ಸಾಗಿಸುವ ಕಟ್ಟಿಗೆಯ ಪ್ಯಾಲೆಟ್ ಪುಕ್ಕಟೆ ಸಿಗುತ್ತವೆ. ಮಕ್ಕಳಿಗೆ ಮಂಚ ಮಾಡಬಹುದಾ?

ಹೊರದೇಶದಿಂದ ಬಂದ ಪ್ಯಾಲೆಟ್ ಆದರೆ ಪಕ್ಕದಲ್ಲಿ ಮುದ್ರೆ ಇರುತ್ತದೆ. ಎಚ್‌ಟಿ (HT) ಅಂದರೆ ಬಿಸಿ ಮಾಡಿ ಹುಳ ಕೊಂದದ್ದು, ಬಳಸಬಹುದು. ಎಂಬಿ (MB) ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಗಾಳಿ ಕೊಟ್ಟದ್ದು, ಮನೆಯೊಳಗೆ ತರಬೇಡಿ. ಮುದ್ರೆಯೇ ಇಲ್ಲದ್ದು, ಎಣ್ಣೆ ಕುಡಿದು ಕಪ್ಪಾದದ್ದು ಮಕ್ಕಳ ಕೋಣೆಗೆ ಬೇಡ. ಅಂಗಳದ ಕುಂಡಗಳಿಗೆ ಕಟ್ಟೆ ಮಾಡಿ. ಪುಕ್ಕಟೆ ಸಿಕ್ಕ ಪ್ಯಾಲೆಟ್‌ನಿಂದ ಮೊಳೆ ಕೀಳಿಸಿ, ರಂಧಾ ಹೊಡೆಸಿ ನುಣ್ಣಗೆ ಮಾಡಿಸಿದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೇ ಮಂಚ ಕೊಂಡಷ್ಟೇ ಆದೀತು.

ಬಾಗಲಕೋಟೆ ನವನಗರದಿಂದ: ಮುಳುಗಡೆಯಾದ ನಮ್ಮ ಹಳೇ ಮನೆಯಿಂದ ಅಪ್ಪ ತಂದಿಟ್ಟ ತೇಗದ ಬಾಗಿಲು ಗಚ್ಚಿನ (ತಾರಸಿಯ) ಮೇಲೆ ಒರಗಿದೆ. ಹಸಿರು ಪೇಂಟ್ ಐದಾರು ಪದರ ಇದೆ. ಊಟದ ಟೇಬಲ್ ಮಾಡುವ ಆಸೆ. ಸ್ಯಾಂಡ್‌ಪೇಪರ್ ಹಿಡಿದು ಶುರು ಮಾಡಲಾ?

ಸ್ಯಾಂಡ್‌ಪೇಪರ್ ಕೆಳಗಿಡಿ. ಹಳೇ ಎನಾಮಲ್ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಬಾಗಿಲಿನ ಬಣ್ಣ ಅದಕ್ಕಿಂತ ಎಷ್ಟೋ ಹಳೇದು. ಒಣಗಿದ್ದನ್ನು ಉಜ್ಜಿದರೆ ಏಳುವ ಧೂಳು ಮಕ್ಕಳ ಮೆದುಳಿಗೆ ಕೆಟ್ಟದ್ದು. ಪೇಂಟ್ ಅಂಗಡಿಯಲ್ಲಿ ಪೇಂಟ್ ರಿಮೂವರ್ ಕೇಳಿ ತನ್ನಿ. ಗಾಳಿಯಾಡುವ ಗಚ್ಚಿನ ಮೇಲೇ, ಕೈಗವಸು, ಮಾಸ್ಕ್ ಹಾಕಿಕೊಂಡು ಹಚ್ಚಿ, ಬಣ್ಣ ಮೆತ್ತಗಾದ ಮೇಲೆ ಕೆರೆಯಿರಿ. ಕೊನೆಗೆ ಉಳಿದದ್ದನ್ನು ಉಜ್ಜುವಾಗ ನೀರು ಹಚ್ಚಿಕೊಂಡೇ ಉಜ್ಜಿ. ಕೆರೆದ ಚೂರನ್ನು ಒಲೆಗೆ ಹಾಕಬೇಡಿ, ಗಿಡದ ಬುಡಕ್ಕೂ ಬೇಡ.

ಅದಕ್ಕೂ ಮೊದಲು ಬಾಗಿಲನ್ನು ಅಡ್ಡ ಮಲಗಿಸಿ ತಟ್ಟಿ ನೋಡಿ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳ ಇನ್ನೂ ಒಳಗಿದೆ. ತೂತುಗಳಿಗೆ ಸಿರಿಂಜಿನಲ್ಲಿ ಕಟ್ಟಿಗೆ ಹುಳದ ಔಷಧ ಬಿಟ್ಟು, ತಿಂಗಳು ಕಾದು, ಹೊಸ ಪುಡಿ ಬೀಳುತ್ತಿಲ್ಲ ಅಂತ ಖಾತ್ರಿ ಆದಮೇಲೆ ಮುಂದಿನ ಕೆಲಸ.

ಮೇಲೆ ಹಚ್ಚಲು ಅಗಸೆ ಎಣ್ಣೆ ಚೆಂದ. ತೇಗದ ಬಣ್ಣ ಎದ್ದು ಬರುತ್ತದೆ. ಆದರೆ ಗಾಣದಿಂದ ತಂದ ಹಸಿ ಎಣ್ಣೆ ವಾರಗಟ್ಟಲೆ ಆರುವುದಿಲ್ಲ, ಜಿಗಿಜಿಗಿ ಅನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ತನ್ನಿ. ಮನೆಯಲ್ಲಿ ಕುದಿಸಿದರೆ ಅದು ಆಗುವುದಿಲ್ಲ, ಬೇಗ ಆರಲು ಅದಕ್ಕೆ ಬೇರೆ ಮದ್ದು ಸೇರಿಸಿರುತ್ತಾರೆ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಅರ್ಧ ತಾಸಿನ ಮೇಲೆ ಉಳಿದದ್ದನ್ನು ಒರೆಸಿ, ಮರುದಿನ ಇನ್ನೊಂದು ಕೈ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನೇ ಬೆಂಕಿ ಹತ್ತಬಹುದು. ಬಾಗಲಕೋಟೆಯ ಬಿಸಿಲಲ್ಲಿ ಕೇಳಲೇಬೇಡಿ. ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರಡಿ, ಗರಿಗರಿಯಾದ ಮೇಲೆ ಬಿಸಾಡಿ.

ಚಿಲಕದ ತೂತು, ಅಗಳಿ ಕೂರುತ್ತಿದ್ದ ಗುಳಿ ಮುಚ್ಚಲು ಹೋಗಬೇಡಿ. ಮೇಲೆ ಗಾಜು ಕೂರಿಸಿದರೆ ಅನ್ನದ ಅಗುಳು ಸಿಕ್ಕಿಕೊಳ್ಳುವುದಿಲ್ಲ. ಗಾಜು ಟಫನ್ ಮಾಡಿದ್ದೇ (ಕಾಯಿಸಿ ಗಟ್ಟಿ ಮಾಡಿದ್ದೇ) ಬೇಕು ಅಂತ ಹೇಳಿ ಅಳತೆ ಕೊಡಿ. ಒಮ್ಮೆ ಟಫನ್ ಆದಮೇಲೆ ಕತ್ತರಿಸಲು ಬರುವುದಿಲ್ಲ, ಅದಕ್ಕೆ ಎರಡು ಸಲ ಅಳೆಯಿರಿ. ಅಪ್ಪನನ್ನು ಪಕ್ಕ ನಿಲ್ಲಿಸಿಕೊಂಡು ಅಳೆಯಿರಿ. ಆ ಬಾಗಿಲಿನ ಯಾವ ಮಗ್ಗುಲು ಬೀದಿಗಿತ್ತು, ಯಾವುದು ಒಳಗಿತ್ತು ಅಂತ ಅವರಿಗೇ ಗೊತ್ತು. ಟೇಬಲ್ಲಿಗೆ ಒಳಗಿನ ಮಗ್ಗುಲು ಮೇಲೆ ಬರಲಿ, ಮಳೆ ಬಿಸಿಲು ಕಾಣದ ಕಟ್ಟಿಗೆ ಅದು.