ಒಂದು ಬಿಯರಿಗೆ 1,800 ಯೆನ್ ಯಾಕೆ?

ಪ್ರಶ್ನೆ: ಟೋಕಿಯೊದ ಗೋಲ್ಡನ್ ಗಾಯ್‌ನಲ್ಲಿ ಒಂದೇ ಒಂದು ಬಿಯರ್ ಕುಡಿದೆ. ಮೆನುವಿನಲ್ಲಿ 800 ಯೆನ್ ಇತ್ತು, ಬಿಲ್ 1,800 ಬಂತು. ಕೇಳದಿದ್ದರೂ ಪುಟ್ಟ ಬಟ್ಟಲಲ್ಲಿ ಏನೋ ತಿನಿಸು ತಂದಿಟ್ಟರು. ಹೊರದೇಶದವನೆಂದು ಟೋಪಿ ಹಾಕಿದರೇ?

ಉತ್ತರ: ಇಲ್ಲ. ಟೋಕಿಯೊ ಸುತ್ತಿಬಂದವರಿಂದ ತಪ್ಪದೆ ಬರುವ ದೂರು ಇದು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ.

ನೀವು ಕೊಟ್ಟ ಹೆಚ್ಚಿನ 1,000 ಯೆನ್ ಕೂರುವ ಜಾಗದ ದುಡ್ಡು. ಅಲ್ಲಿ ಅದಕ್ಕೆ 'ಚಾಜಿ' ಎನ್ನುತ್ತಾರೆ. ಗೋಲ್ಡನ್ ಗಾಯ್ ಎಂದರೆ ಶಿಂಜುಕು ನಿಲ್ದಾಣದ ಪೂರ್ವಕ್ಕೆ, ಹನಾಝೊನೊ ದೇಗುಲದ ಪಕ್ಕದ ಆರು ಓಣಿಗಳು, ಅಲ್ಲಿ ಇನ್ನೂರಕ್ಕೂ ಹೆಚ್ಚು ಬಾರುಗಳಿವೆ. ಹೆಚ್ಚಿನವು ಐದರಿಂದ ಹತ್ತು ಜನ ಮೊಣಕೈ ತಾಗಿಸಿಕೊಂಡು ಕೂರುವಷ್ಟೇ ದೊಡ್ಡವು. ಅನೇಕ ಕಡೆ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಬೇರೆಯೇ ಬಾರು. ಒಬ್ಬ ಒಂದು ಬಿಯರ್ ಹಿಡಿದು ಎರಡು ಗಂಟೆ ಕೂತರೆ ಆ ಸೀಟಿನ ವ್ಯಾಪಾರ ಮುಗಿಯಿತು. ಬಾಡಿಗೆ ಹುಟ್ಟುವುದು ಈ ಚಾಜಿಯಿಂದಲೇ. ಸಾಮಾನ್ಯವಾಗಿ ತಲೆಗೆ 500ರಿಂದ 1,500 ಯೆನ್. ಹೊರದೇಶದವರಿಗೆ ಚಾಜಿ ಬಿಟ್ಟುಕೊಡುವ ಬಾರುಗಳೂ ಇವೆ, ಬಾಗಿಲಲ್ಲೇ ಹಾಗೆಂದು ಬರೆದಿರುತ್ತಾರೆ.

ಬಟ್ಟಲಲ್ಲಿ ಬಂದದ್ದು 'ಓತೋಶಿ'. ಅನೇಕ ಕಡೆ ಅದು ಚಾಜಿಯಲ್ಲೇ ಸೇರಿರುತ್ತದೆ. 'ಬೇಡ ಅಂದರೆ ಬಿಲ್ಲಿನಿಂದ ಅದರ ದುಡ್ಡು ಕಳೆಯುತ್ತಾರೆ' ಎಂದು ವಿಡಿಯೊದಲ್ಲಿ ಬೋಧಿಸುವವರ ಮಾತು ಕೇಳಿ ಜಗಳಕ್ಕೆ ನಿಲ್ಲಬೇಡಿ. ಕೇಳುವುದಿದ್ದರೆ ಕೂರುವ ಮೊದಲು ಕೇಳಿ. ಬಾಗಿಲ ಹೊರಗಿನ ದರಪಟ್ಟಿ ಓದಿ, ಇಲ್ಲದಿದ್ದರೆ ಬಾಗಿಲು ತೆರೆದು 'ಚಾಜಿ ವಾ ಇಕುರಾ ದೆಸ್‌ಕಾ' (ಚಾಜಿ ಎಷ್ಟು?) ಎನ್ನಿ. ದುಬಾರಿ ಎನಿಸಿದರೆ ತಲೆಬಾಗಿಸಿ ಹೊರಡಿ, ಯಾರೂ ಬೇಸರಿಸುವುದಿಲ್ಲ. ಕೂತ ಮೇಲೆ ಚೌಕಾಸಿ ಮಾತ್ರ ಬೇಡ.

ಇನ್ನೊಂದು ತಪ್ಪು ಸಲಹೆ, 'ಒಂದೊಂದು ಕಡೆ ಒಂದೊಂದು ಗ್ಲಾಸು'. ಚಾಜಿ 1,000, ಗ್ಲಾಸಿಗೆ 800 ಎಂದಿಟ್ಟುಕೊಳ್ಳಿ. ಮೂರು ಬಾರುಗಳಲ್ಲಿ ಮೂರು ಗ್ಲಾಸಿಗೆ 5,400, ಒಂದೇ ಬಾರಿನಲ್ಲಿ ಮೂರಕ್ಕೆ 3,400. ವ್ಯತ್ಯಾಸದ 2,000 ಯೆನ್‌ನಲ್ಲಿ ಹೊಟ್ಟೆ ತುಂಬ ಊಟ ಆಗುತ್ತದೆ. ಆ ಊಟವನ್ನು ಮೊದಲೇ ಮುಗಿಸಿ ಬನ್ನಿ, ಇಲ್ಲಿ ಅಡುಗೆಗೆ ಜಾಗವೇ ಕಡಿಮೆ. ಒಬ್ಬರೋ ಇಬ್ಬರೋ ಹೋಗಿ. ಆರು ಜನ ನುಗ್ಗಿದರೆ ಬಾರೇ ತುಂಬಿಹೋಗುತ್ತದೆ, ಬಾಗಿಲಲ್ಲೇ ತಡೆದರೆ ಅದಕ್ಕೆ ನಿಮ್ಮ ಮೈಬಣ್ಣ ಕಾರಣ ಎಂದುಕೊಳ್ಳಬೇಡಿ. ಕೂತವರೆಲ್ಲ ತಲೆಗೊಂದು ಪಾನೀಯ ಹೇಳಲೇಬೇಕು. ಮದ್ಯ ಬೇಡದವರಿಗೆ ಊಲಾಂಗ್ ಚಹಾ ಸಿಗುತ್ತದೆ. ಜೇಬಿನಲ್ಲಿ ಸಾವಿರ ಯೆನ್ ನೋಟುಗಳಿರಲಿ, ಕಾರ್ಡ್ ಒಲ್ಲದ ಬಾರುಗಳು ಇನ್ನೂ ಇವೆ.

'ಸ್ನ್ಯಾಕ್' ಎಂಬ ಬೋರ್ಡಿನ ಬಾರುಗಳ ಲೆಕ್ಕ ಬೇರೆ. ಕೌಂಟರಿನ ಹಿಂದೆ ನಿಂತ ಬಾರಿನ ಒಡತಿ, ಅಲ್ಲಿನವರ ಮಾತಿನಲ್ಲಿ 'ಮಾಮಾ', ಮಾತಿಗೆ ಸಿಗುತ್ತಾರೆ, ಕರೋಕೆ ಇರುತ್ತದೆ, ಚಾಜಿಯೂ ಹೆಚ್ಚು. 'ನಾನೂ ಒಂದು ತೆಗೆದುಕೊಳ್ಳಲೇ' ಎಂದು ಅವರು ಕೇಳಿದರೆ, ಆ ಗ್ಲಾಸು ನಿಮ್ಮ ಬಿಲ್ಲಿಗೆ.

ಪ್ರಶ್ನೆ: ಶಿಂಜುಕುವಿನ ಕಬುಕಿಚೊ ಬೀದಿಯಲ್ಲಿ ಒಬ್ಬ '3,000 ಯೆನ್‌ಗೆ ಎಷ್ಟು ಬೇಕಾದರೂ ಕುಡಿಯಿರಿ' ಎಂದು ಕರೆದ. ಹೋಗಬಹುದೇ?

ಉತ್ತರ: ಬೇಡ. ನಿಜವಾಗಿ ಟೋಪಿ ಹಾಕುವವರು ಇವರೇ. ಹೀಗೆ ಗಿರಾಕಿ ಹಿಡಿಯುವುದು ಅಲ್ಲಿ ಕಾನೂನುಬಾಹಿರ, ಬೀದಿಯ ಧ್ವನಿವರ್ಧಕಗಳೂ ಅದನ್ನೇ ಕೂಗುತ್ತಿರುತ್ತವೆ. ಒಳಗೆ ಹೋದ ಮೇಲೆ ಬಿಲ್ ಲಕ್ಷ ಯೆನ್ ದಾಟಬಹುದು, ಗ್ಲಾಸಿನಲ್ಲಿ ಮತ್ತಿನ ಔಷಧ ಬೆರೆಸಿ ಕಾರ್ಡ್ ಉಜ್ಜಿದ ಪ್ರಕರಣಗಳೂ ಇವೆ. ಸಿಕ್ಕಿಬಿದ್ದರೆ ಕಾರ್ಡ್ ಕೈಬಿಡಬೇಡಿ, 110ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಪೊಲೀಸ್ ಚೌಕಿಗೆ ನಡೆಯಿರಿ.

ಪ್ರಶ್ನೆ: ಸಸ್ಯಾಹಾರಿಗಳು ಓತೋಶಿ ತಿನ್ನಬಹುದೇ?

ಉತ್ತರ: ಕಡಲೆಬೀಜವಾದರೆ ಸರಿ. ಬೇಯಿಸಿದ ತರಕಾರಿಯಲ್ಲಿ ಬಹುತೇಕ ಮೀನಿನ ಸಾರು ಇರುತ್ತದೆ. ತಣ್ಣನೆಯ ತೋಫು ಮೇಲೆ ಗಾಳಿಗೆ ಅಲುಗಾಡುವ ತೆಳು ಎಸಳುಗಳೂ ಒಣಮೀನೇ.

ಪ್ರಶ್ನೆ: ಓಣಿಯಲ್ಲಿ ರೀಲ್ಸ್ ಮಾಡಬಹುದೇ?

ಉತ್ತರ: ಅನುಮತಿ ಇಲ್ಲದೆ ಇಲ್ಲ. ಫಲಕ ಹಾಕಿದ್ದಾರೆ, ಓದಿ.

ಪ್ರಶ್ನೆ: ಟಿಪ್ಸ್ ಎಷ್ಟು?

ಉತ್ತರ: ಸೊನ್ನೆ.

ಪ್ರಶ್ನೆ: ಕೊನೆಯ ರೈಲು ತಪ್ಪಿದರೆ?

ಉತ್ತರ: ನಡುರಾತ್ರಿ ಕಳೆದು ಒಂದು ಗಂಟೆಯೊಳಗೆ ರೈಲುಗಳು ನಿಲ್ಲುತ್ತವೆ, ಮತ್ತೆ ಹೊರಡುವುದು ಬೆಳಗಿನ ಜಾವ ನಾಲ್ಕೂವರೆಯ ಆಸುಪಾಸಿಗೆ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಟ್ಯಾಕ್ಸಿಗೆ ಶೇ 20 ಹೆಚ್ಚು. ಬಾಡಿಗೆ ಸೈಕಲ್ ಹತ್ತುವ ಯೋಚನೆ ಬೇಡವೇ ಬೇಡ: ಕುಡಿದು ಸೈಕಲ್ ತುಳಿದರೂ ಅಲ್ಲಿ ಜೈಲಾಗಬಹುದು.