60 ದಿನ ದಾಟಿ ಹತ್ತು ವರ್ಷ ಆಯ್ತು, ಈಗ ಅಪೀಲ್ ಹಾಕಬಹುದಾ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ ಕೊಲೆ ಕೇಸಲ್ಲಿ 2014ರಲ್ಲಿ ಸೆಷನ್ಸ್ ಕೋರ್ಟು ಜೀವಾವಧಿ ಶಿಕ್ಷೆ ಕೊಡ್ತು. ಆಗ ಅಪ್ಪ ಹಾಸಿಗೆ ಹಿಡಿದಿದ್ರು, ಕೈಯಲ್ಲಿ ದುಡ್ಡಿರ್ಲಿಲ್ಲ, ಹೈಕೋರ್ಟಿಗೆ ಹೋಗ್ಲೇ ಇಲ್ಲ. ಈಗ ಕೇಳಿದ್ರೆ ಟೈಮ್ ಮುಗಿದುಹೋಗಿದೆ, ಬಿಟ್ಬಿಡಿ ಅಂತಾರೆ. 2012ರಲ್ಲಿ ಗಲಾಟೆ ಆದಾಗ ಅವನಿಗೆ 18 ತುಂಬಿರ್ಲಿಲ್ಲ ಅಂತ ಅಮ್ಮ ಹೇಳ್ತಾನೇ ಇರ್ತಾರೆ, ಕೇಸಿನ ಪೇಪರ್‌ನಲ್ಲಿ ಮಾತ್ರ 19 ಅಂತಿದೆ. ದಾರಿ ಏನಾದ್ರೂ ಇದ್ಯಾ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಬಿಡ್ಬೇಡಿ ಅಕ್ಕ. ಮೊದಲು ಅಮ್ಮ ಹೇಳೋ ಮಾತನ್ನೇ ಹಿಡ್ಕೊಳ್ಳಿ, ಯಾಕಂದ್ರೆ ಅದಕ್ಕೆ ಗಡುವೇ ಇಲ್ಲ. ಅಪರಾಧ ನಡೆದ ದಿನ 18 ತುಂಬಿರ್ಲಿಲ್ಲ ಅನ್ನೋದನ್ನ ಯಾವ ಹಂತದಲ್ಲಾದ್ರೂ ಎತ್ತಬಹುದು, ಕೇಸು ಪೂರ್ತಿ ಮುಗಿದ ಮೇಲೂ, ಬಾಲನ್ಯಾಯ ಕಾಯ್ದೆಯಲ್ಲೇ ಹಾಗಂತ ಬರೆದಿದೆ. 1994ರ ಪುಣೆ ಕೊಲೆ ಕೇಸಲ್ಲಿ ಗಲ್ಲು ಶಿಕ್ಷೆ ಆಗಿ, ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡಿದಿದ್ದ ಒಬ್ಬ ಕೈದಿ, ಘಟನೆ ವೇಳೆ ಅವನಿಗೆ ಬರೀ 12 ವರ್ಷ ಅಂತ ಶಾಲೆ ದಾಖಲೆಯಿಂದ ಗೊತ್ತಾಗಿ 2023ರಲ್ಲಿ ಬಿಡುಗಡೆ ಆದ, ಅಷ್ಟೊತ್ತಿಗೆ 28 ವರ್ಷ ಜೈಲಲ್ಲಿ ಕಳೆದಿದ್ದ. ಓದಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮದು 2012ರ ಘಟನೆ, ಆಗಿದ್ದ 2000ದ ಬಾಲನ್ಯಾಯ ಕಾಯ್ದೆ ಪ್ರಕಾರ 18ರೊಳಗಿನ ಹುಡುಗನ್ನ ಹೆಚ್ಚಂದ್ರೆ 3 ವರ್ಷ ವಿಶೇಷ ಗೃಹದಲ್ಲಿ (ತಪ್ಪು ಮಾಡಿದ ಮಕ್ಕಳನ್ನ ಜೈಲಿನ ಬದಲು ಇಡೋ ಜಾಗ) ಇಡಬಹುದಿತ್ತು, ಜೀವಾವಧಿ ಕೊಡೋ ಹಾಗೇ ಇರ್ಲಿಲ್ಲ. ಅದಕ್ಕೇ ಅವನು ಓದಿದ ಶಾಲೆಗೆ ಹೋಗಿ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಗೊಳ್ಳಿ, ಅದಿಲ್ಲದಿದ್ರೆ ಪಂಚಾಯ್ತಿಯ ಜನನ ಪ್ರಮಾಣಪತ್ರ. ಎರಡೂ ಸಿಗದಿದ್ರೆ ಮಾತ್ರ ವೈದ್ಯಕೀಯ ಪರೀಕ್ಷೆ.

ಈಗ ಅಪೀಲಿನ ವಿಷಯ. ಸೆಷನ್ಸ್ ಕೋರ್ಟ್ ಶಿಕ್ಷೆ ಮೇಲೆ ಹೈಕೋರ್ಟಿಗೆ ಹೋಗೋಕೆ 60 ದಿನ, ಗಲ್ಲು ಶಿಕ್ಷೆ ಆಗಿದ್ರೆ 30 ದಿನ, ತೀರ್ಪಿನ ನಕಲು ಪಡೆಯೋಕೆ ಹಿಡಿದ ದಿನ ಲೆಕ್ಕಕ್ಕಿಲ್ಲ. ದಾಟಿದ್ರೆ ಕಥೆ ಮುಗೀತು ಅಂತಲ್ಲ, ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಕೆಳಗೆ ವಿಳಂಬ ಮನ್ನಿಸಿ ಅಂತ ಅರ್ಜಿ ಜೊತೆಗೇ ಹಾಕ್ಬೇಕು. ಒಂದೊಂದು ದಿನದ ವಿಳಂಬಕ್ಕೂ ವಿವರಣೆ ಕೊಡಿ ಅಂತ ಕೋರ್ಟುಗಳು ಕಡ್ಡಿ ಮುರಿದ ಹಾಗೆ ಕೇಳಬಾರದು ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ, ಅದು ಜಮೀನಿನ ಕೇಸು, ಆದ್ರೂ ಒಬ್ಬನ ಸ್ವಾತಂತ್ರ್ಯದ ಪ್ರಶ್ನೆಗೆ ಆ ಮಾತು ಇನ್ನೂ ಹೆಚ್ಚು ಸಲ್ಲಬೇಕು ಅಂತ ನಾನು ನಂಬ್ತೀನಿ. ಹತ್ತು ವರ್ಷ ಸಣ್ಣದಲ್ಲ, ಮನ್ನಿಸೋದು ಬಿಡೋದು ಜಡ್ಜ್ ವಿವೇಚನೆ, ಹಾಗಾಗಿ ಅಪ್ಪನ ಆಸ್ಪತ್ರೆ ಚೀಟಿ, ಸಾಲದ ಪತ್ರ ಏನಿದ್ಯೋ ಎಲ್ಲಾ ಸೇರಿಸಿ, ಇದ್ದದ್ದನ್ನ ಇದ್ದ ಹಾಗೇ ಬರೀರಿ.

ದುಡ್ಡಿಗೆ ಹೆದರ್ಬೇಡಿ. ಜೈಲಲ್ಲಿರೋನು ಅಪೀಲನ್ನ ಜೈಲು ಅಧಿಕಾರಿ ಕೈಗೇ ಕೊಡಬಹುದು, ಅವರೇ ಕೋರ್ಟಿಗೆ ಕಳಿಸ್ಬೇಕು. ಕೈದಿಗೆ ತೀರ್ಪಿನ ನಕಲು, ವಕೀಲರು ಎರಡೂ ಫ್ರೀ ಸಿಗ್ಬೇಕು ಅಂತ 1978ರಿಂದಲೇ ಸುಪ್ರೀಂ ಕೋರ್ಟ್ ತೀರ್ಪಿದೆ. ದಾವಣಗೆರೆ ಜಿಲ್ಲಾ ಕೋರ್ಟಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ವಯಸ್ಸಿನ ವಿಷಯ ಅಪೀಲಿನ ಮೊದಲ ಪುಟದಲ್ಲೇ ಬರ್ಲಿ ಅಂತ ವಕೀಲರಿಗೆ ಹೇಳಿ, ಶಾಲೆ ದಾಖಲೆ ಕೈಲಿಟ್ಕೊಂಡೇ ಹೋಗಿ.